ಚಿಕ್ಕ ಬಾತ್‌ರೂಮು ದೊಡ್ಡದಾಗಿ ಕಾಣಬೇಕು ಅಂತ ಕೆಡವುವ ಮುಂಚೆ ಇದನ್ನು ಓದಿ

ಬಾತ್‌ರೂಮು ಇಕ್ಕಟ್ಟಾಯಿತು, ಕೆಡವಿ ವಿಶಾಲವಾಗಿ ಕಾಣುವ ಹಾಗೆ ಮಾಡಿಸೋಣ ಅಂದುಕೊಂಡಿದ್ದೀರಾ? ಟೈಲ್ಸ್ ಆರಿಸಲು ಹೋಗುವುದಕ್ಕೆ ಮೊದಲೇ ಗುತ್ತಿಗೆದಾರರನ್ನು ಎರಡು ಮಾತು ಕೇಳಿ. ನೀರು ಯಾವ ಕಡೆ ಹರಿಯುತ್ತದೆ? ಹಬೆ ಎಲ್ಲಿಂದ ಆಚೆ ಹೋಗುತ್ತದೆ? ಇದಕ್ಕೆ ನೆಟ್ಟಗೆ ಉತ್ತರ ಬಾರದಿದ್ದರೆ ದಯವಿಟ್ಟು ಕೆಲಸ ಕೊಡಬೇಡಿ. ನಮ್ಮಲ್ಲಿ ಕೆಲಸ ಮುಗಿದು ವರ್ಷ ತುಂಬುವುದರೊಳಗೆ ಪಕ್ಕದ ಕೋಣೆಯ ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿತು, ಕೈಯಿಟ್ಟರೆ ಗಾರೆ ಉದುರತೊಡಗಿತು. ಕೊನೆಗೆ ಹೊಸ ಬಾತ್‌ರೂಮನ್ನೇ ಪೂರ್ತಿ ಕಿತ್ತು, ಬೇರೆಯವರಿಂದ ಮತ್ತೊಮ್ಮೆ ಮಾಡಿಸಬೇಕಾಯಿತು.

ಐದಡಿ ಅಗಲ, ಏಳಡಿ ಉದ್ದದ ಜಾಗ ಅದು. ಗುತ್ತಿಗೆದಾರರು ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ದೊಡ್ಡ ದೊಡ್ಡ ಹೊಳೆಯುವ ಟೈಲ್ಸ್, ಸ್ನಾನದ ಜಾಗಕ್ಕೆ ಕಟ್ಟೆಯೇ ಇಲ್ಲದ ಒಂದೇ ನೆಲ, ಗೋಡೆಗೆ ನೇತುಹಾಕಿದ ಕಮೋಡು, ಫಾಲ್ಸ್ ಸೀಲಿಂಗು. ಇವುಗಳಲ್ಲಿ ಯಾವುದೂ ಕೆಟ್ಟ ಯೋಚನೆಯಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಒಂದೊಂದಕ್ಕೂ ನೆಲದಡಿಯಲ್ಲಿ, ಗೋಡೆಯೊಳಗೆ ಮಾಡಬೇಕಾದ ಕೆಲಸವಿದೆ. ಅದು ಕಣ್ಣಿಗೆ ಬೀಳುವುದಿಲ್ಲ, ಆದ್ದರಿಂದ ಅದನ್ನೇ ಹಾರಿಸಿಬಿಡುತ್ತಾರೆ.

ನೆಲದ್ದೇ ದೊಡ್ಡ ಕಥೆ. ಕಟ್ಟೆ ತೆಗೆದರೆ ನೋಟಕ್ಕೆ ಅಡ್ಡ ಬರುವುದು ಏನೂ ಇರುವುದಿಲ್ಲ, ಜಾಗ ದೊಡ್ಡದೆನಿಸುವುದು ನಿಜ. ವಯಸ್ಸಾದವರು ಎಡವುವ ಭಯವೂ ಇಲ್ಲ. ಆದರೆ ಇಷ್ಟು ದಿನ ಕಟ್ಟೆ ತಡೆಯುತ್ತಿದ್ದ ನೀರನ್ನು ಇನ್ನು ಮುಂದೆ ವಾಟವೇ, ಅಂದರೆ ನೆಲದ ಇಳಿಜಾರೇ, ನೋಡಿಕೊಳ್ಳಬೇಕು. ಸ್ನಾನದ ಜಾಗದಲ್ಲಿ ಅಡಿಗೆ ಕಾಲಿಂಚಿನಷ್ಟು ಇಳಿಜಾರು ಬೇಕು. ಅದಕ್ಕಾಗಿ ಅಲ್ಲಿನ ನೆಲವನ್ನು ತಗ್ಗಿಸಬೇಕು, ಇಲ್ಲವೇ ಉಳಿದ ನೆಲವನ್ನು ಏರಿಸಬೇಕು. ನಮ್ಮಲ್ಲಿ ಹಳೆಯ ಟೈಲ್ಸ್ ಕೀಳದೆ ಅದರ ಮೇಲೆಯೇ ಹೊಸದನ್ನು ಅಂಟಿಸಿದರು. ಅದೂ 600 × 1200 ಮಿ.ಮೀ. ಅಳತೆಯವು. ನೀರು ಹೊರಹೋಗುವ ಜಾಲಿ ನಡುವೆ ಇದ್ದರೆ ನೆಲ ನಾಲ್ಕೂ ಕಡೆಯಿಂದ ಅದರತ್ತ ಇಳಿಯಬೇಕಲ್ಲ, ಅಷ್ಟುದ್ದದ ಟೈಲ್ ಬಗ್ಗುವುದೆಲ್ಲಿಂದ? ಅದನ್ನು ಓರೆಯಾಗಿ ಕತ್ತರಿಸಿ ಕೂರಿಸಬೇಕು, ಅಥವಾ ಅಲ್ಲಿಗೆ ಮಾತ್ರ ಸಣ್ಣ ಟೈಲ್ಸ್ ಹಾಕಬೇಕು. ಇನ್ನೂ ಒಳ್ಳೆಯದೆಂದರೆ ಗೋಡೆಯುದ್ದಕ್ಕೂ ಪಟ್ಟಿಯಂಥ ಜಾಲಿ ಕೂರಿಸಿ ಇಡೀ ನೆಲಕ್ಕೆ ಒಂದೇ ಕಡೆ ವಾಟ ಕೊಡುವುದು. ಇದ್ಯಾವುದೂ ಆಗಲಿಲ್ಲ, ರಸಮಟ್ಟ ಇಟ್ಟು ಸಮನಾಗಿ ಕೂರಿಸಿ ಹೋದರು. ಸ್ನಾನದ ನೀರು ಜಾಲಿಯನ್ನು ಬಳಸಿಕೊಂಡು ಬಾಗಿಲ ಕಡೆಗೆ ತೆವಳುತ್ತಿತ್ತು. ಕೆಲವೇ ತಿಂಗಳಲ್ಲಿ ಬಾಗಿಲ ಚೌಕಟ್ಟಿನ ಬುಡ ಕಪ್ಪಗಾಗಿ, ಉಗುರು ಒತ್ತಿದರೆ ಗುರುತು ಮೂಡುವಷ್ಟು ಮೆತ್ತಗಾಯಿತು.

ಕಿತ್ತು ನೋಡಿದಾಗಲೇ ಗೋಡೆಯ ತೇವಕ್ಕೆ ಕಾರಣ ಸಿಕ್ಕಿತು. ಹಳೆಯ ಜಾಲಿಯ ಬಾಯಿ ಕೆಳಗಿನ ಪದರದಲ್ಲೇ ಉಳಿದಿತ್ತು, ಹೊಸ ಜಾಲಿಯನ್ನು ಮೇಲಿನ ಪದರದಲ್ಲಿ ಸುಮ್ಮನೆ ಇಟ್ಟಿದ್ದರು. ನಡುವಿನ ಸಂದನ್ನು ಮುಚ್ಚಿರಲೇ ಇಲ್ಲ. ನೀರು ಆ ಸಂದಿನಿಂದ ಎರಡು ಟೈಲ್ಸ್ ಪದರಗಳ ನಡುವೆ ಹೊಕ್ಕು, ಅಲ್ಲೇ ಹರಡಿ, ಗೋಡೆಯನ್ನು ಮುಟ್ಟಿತ್ತು. ಪೈಪು ಹುದುಗಿಸಲು ಕೊರೆದ ಕಡೆಯೂ ಬರೀ ಗಾರೆ ಮೆತ್ತಿದ್ದರು. ಬಿಲ್ಲಿನಲ್ಲಿ ಮಾತ್ರ ವಾಟರ್‌ಪ್ರೂಫಿಂಗ್ ಎಂಬ ಸಾಲು ಇತ್ತು!

ಟೈಲ್ಸ್ ಹಾಕಿದ ಮೇಲೆ ನೀರು ಹೇಗೆ ಇಳಿಯುತ್ತದೆ ಅಂತ ಕೇಳುವವರಿದ್ದಾರೆ. ಇಳಿಯುತ್ತದೆ. ಸಂದಿಗೆ ತುಂಬುವ ಸಿಮೆಂಟಿನ ಗ್ರೌಟ್ ನೀರು ಹೀರುತ್ತದೆ, ತಡೆಯಬೇಕಾದದ್ದು ಅದರ ಕೆಳಗಿನ ಲೇಪನ. ಎರಡು ಕೋಟ್ ಬಳಿಯಬೇಕು, ನೆಲವೂ ಗೋಡೆಯೂ ಕೂಡುವ ಮೂಲೆಗಳಲ್ಲಿ ಬಲೆಯಂಥ ಪಟ್ಟಿ ಒತ್ತಬೇಕು, ಪೈಪಿನ ಸುತ್ತ ವಿಶೇಷ ಗಮನ ಕೊಡಬೇಕು, ಶವರ್ ಇರುವ ಗೋಡೆಗೆ ಆಳೆತ್ತರದವರೆಗೆ ಏರಿಸಬೇಕು. ಅದು ಒಣಗಿದ ಮೇಲೆ ಜಾಲಿಯ ಬಾಯಿ ಮುಚ್ಚಿ, ನೆಲದ ಮೇಲೆ ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ಕನಿಷ್ಠ 24 ಗಂಟೆ ಬಿಡಬೇಕು. ಕೆಳಗಡೆ, ಅಕ್ಕಪಕ್ಕ ಎಲ್ಲೂ ತೇವ ಕಾಣದಿದ್ದರೆ ಮಾತ್ರ ಟೈಲ್ಸ್. ‘ಅದೆಲ್ಲ ಬೇಡ ಸಾರ್, ನಾವಿಲ್ಲವೇ’ ಎನ್ನುವವರನ್ನು ಅಲ್ಲಿಗೇ ಬಿಟ್ಟುಬಿಡಿ.

ನೇತುಹಾಕುವ ಕಮೋಡಿನಿಂದ ಜಾಗ ಉಳಿಯುತ್ತದೆ ಅಂದಿದ್ದರು. ಅದನ್ನು ಹೊರುವ ಕಬ್ಬಿಣದ ಚೌಕಟ್ಟೂ ಫ್ಲಶ್ ಟ್ಯಾಂಕೂ ಗೋಡೆಯೊಳಗೆ ಸೇರಿದರೆ ಆ ಮಾತು ನಿಜ. ನಮ್ಮದು ತೆಳು ಗೋಡೆ, ಚೌಕಟ್ಟನ್ನು ಮುಂದೆ ನಿಲ್ಲಿಸಿ ಅದಕ್ಕೊಂದು ಹೊಸ ಗೋಡೆ ಕಟ್ಟಿದರು. ಉಳಿಯುವುದಿರಲಿ, ಇದ್ದ ಜಾಗದಲ್ಲೇ ಅರ್ಧ ಅಡಿಗೂ ಮಿಕ್ಕಿ ಹೋಯಿತು, ಕೂತರೆ ಮೊಣಕಾಲಿನ ಮುಂದೆ ಇನ್ನಷ್ಟು ಇಕ್ಕಟ್ಟಾಯಿತು. ಕಮೋಡಿನ ನಡುಗೆರೆಯಿಂದ ಪಕ್ಕದ ಗೋಡೆಗೆ 15 ಇಂಚು, ಅದರ ಮುಂದಿನ ಅಂಚಿನಿಂದ ಎದುರಿಗೆ 21 ಇಂಚು, ಇದಕ್ಕಿಂತ ಕಡಿಮೆಯಾದರೆ ದಿನಾ ಹಿಂಸೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆಸಿ, ಅಲ್ಲಿ ಸ್ಟೂಲ್ ಹಾಕಿ ಕೂತು ನೋಡಿ.

ಫಾಲ್ಸ್ ಸೀಲಿಂಗ್ ಬಗ್ಗೆ ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ. ಗವಾಕ್ಷಿಯ ಅರ್ಧ ಅದರ ಹಿಂದೆ ಮುಚ್ಚಿಹೋಯಿತು. ಎಕ್ಸಾಸ್ಟ್ ಫ್ಯಾನಿನ ಕೊಳವೆಯನ್ನು ಹೊರಗೋಡೆಯವರೆಗೆ ಒಯ್ಯದೆ ಸೀಲಿಂಗಿನ ಮೇಲಿನ ಪೊಳ್ಳಿನಲ್ಲೇ ಬಿಟ್ಟಿದ್ದರು. ಅಂದರೆ ಫ್ಯಾನ್ ಹಾಕಿದಷ್ಟೂ ಹಬೆ ತಲೆ ಮೇಲೆಯೇ ಶೇಖರವಾಗುತ್ತಿತ್ತು. ಹಲಗೆ ಬಿಚ್ಚಿದಾಗ ಅದರ ಮೇಲ್ಮೈ ತುಂಬ ಕಪ್ಪು ಬೂಷ್ಟು. ಮನೆಯಲ್ಲಿ ಮಕ್ಕಳೋ ಉಬ್ಬಸದವರೋ ಇದ್ದರೆ ಇದು ಆರೋಗ್ಯದ ವಿಚಾರ.

ಹೊಳೆಯುವ ಟೈಲ್ಸ್ ಗೋಡೆಗಿರಲಿ. ನೆಲಕ್ಕೆ ತರಿ ಇರುವುದೇ ಬೇಕು, ಡಬ್ಬದ ಮೇಲೆ ಜಾರುವಿಕೆ ಎಷ್ಟು ತಡೆಯುತ್ತದೆ ಎಂದು ಹೇಳುವ ದರ್ಜೆ ಆರ್10 ಅಥವಾ ಆರ್11 ಎಂದಿದೆಯೇ ನೋಡಿ.

ಎರಡನೇ ಸಲ ಜಾಗ ನಿಜವಾಗಿ ತೆರೆದುಕೊಂಡದ್ದು ಬಾಗಿಲಿನಿಂದ. ಎರಡೂವರೆ ಅಡಿಯ ಬಾಗಿಲು ಒಳಕ್ಕೆ ತೆರೆದರೆ ಹತ್ತಿರ ಹತ್ತಿರ ಐದು ಚದರಡಿ ಅದರ ಓಡಾಟಕ್ಕೇ ಬೇಕು, ನಮಗಿದ್ದದ್ದು ಒಟ್ಟು 35. ಅದನ್ನು ಹೊರಕ್ಕೆ ತೆರೆಯುವಂತೆ ಮಾಡಿಸಿದೆವು. ಒಳಗೆ ಯಾರಾದರೂ ಬಿದ್ದರೂ ಬಾಗಿಲಿಗೆ ಅಡ್ಡವಾಗುವುದಿಲ್ಲ ಎಂಬುದು ನನಗೆ ಅದಕ್ಕಿಂತ ದೊಡ್ಡ ಸಮಾಧಾನ. ಗೋಡೆಯಗಲದ ಕನ್ನಡಿ, ಅದರ ಮೇಲೊಂದು ಒಳ್ಳೆಯ ದೀಪ, ಮುಂದಕ್ಕೆ ಹೆಚ್ಚು ಚಾಚದ ಬೇಸಿನ್, ನೆಲಕ್ಕೂ ಗೋಡೆಗೂ ಹತ್ತಿರದ ತಿಳಿಬಣ್ಣ. ಕಮೋಡು ನೆಲದ ಮೇಲೆ ಕೂರುವ ಮಾಮೂಲಿನದೇ.

ಕರಾರಿನಲ್ಲಿ ವಾಟದ ಅಳತೆ, ಲೇಪನದ ಹೆಸರು ಮತ್ತು ಕೋಟ್‌ಗಳ ಸಂಖ್ಯೆ, ನೀರು ನಿಲ್ಲಿಸಿ ನೋಡುವ ಪರೀಕ್ಷೆ, ಹೊರಗೋಡೆಯವರೆಗಿನ ಎಕ್ಸಾಸ್ಟ್ ಕೊಳವೆ ಇವಿಷ್ಟನ್ನೂ ಬರೆಸಿ. ಗೋಡೆ ಮುಚ್ಚುವ ಮುಂಚೆ ಪ್ರತಿ ಪೈಪಿನ ಫೋಟೊ ತೆಗೆದಿಟ್ಟುಕೊಳ್ಳಿ. ಕೊನೆಯ ಕಂತು ಕೊಡುವ ದಿನ ಬಾಗಿಲ ಬಳಿ ಒಂದು ಬಕೆಟ್ ನೀರು ಸುರಿದು ನೋಡಿ, ನೀರು ಎಲ್ಲಾದರೂ ಮಡುಗಟ್ಟಿದರೆ ಅದು ಸರಿಯಾಗುವವರೆಗೆ ಹಣ ಕೊಡಬೇಡಿ.