9 ಪರ್ಸೆಂಟ್ ಕಾರ್ ಲೋನ್: ಐದಕ್ಕೆ ಎರಡು ಸ್ಟಾರ್

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಕುಶಾಲನಗರದಲ್ಲಿ ಬ್ರಾಂಚ್ ಇರುವ ಒಂದು ಫೈನಾನ್ಸ್ ಕಂಪನಿಯಲ್ಲಿ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್‌ಗೆ ಲೋನ್ ಮಾಡಿದ್ದೆ. ಹೆಸರು ಹಾಕುವುದಿಲ್ಲ. ಬಾಕಿ ಇನ್ನೂ ಇದೆ, ಸುಮ್ನೆ ಯಾಕೆ?

ಲೋನ್ ಕೈಗೆ ಬರುವ ತನಕ ಇವರ ಸರ್ವಿಸ್‌ಗೆ ಐದಕ್ಕೆ ಐದು. ಆಗ ನಾನು ಮಡಿಕೇರಿಯ ಒಂದು ರೆಸಾರ್ಟಿನ ಫ್ರಂಟ್ ಆಫೀಸಿನಲ್ಲಿದ್ದೆ, ಸಂಬಳ 18,000. ಡ್ಯೂಟಿ ಮುಗಿಯುವ ಹೊತ್ತಿಗೆ ಏಜೆಂಟ್ ಗೇಟಿಗೇ ಬಂದು ಸಹಿ ಹಾಕಿಸಿಕೊಂಡ. ಮೂರೇ ದಿನದಲ್ಲಿ 3,60,000 ಪಾಸ್. "ಬರೀ 9 ಪರ್ಸೆಂಟ್ ಸರ್, ಬ್ಯಾಂಕಲ್ಲೂ ಸಿಗಲ್ಲ." 48 ಕಂತು, ತಿಂಗಳಿಗೆ 10,200. ಸಂಬಳದ ಅರ್ಧಕ್ಕಿಂತ ಜಾಸ್ತಿ. ಕಾರಿನ ಆಸೆಯಲ್ಲಿ ಅದು ತಲೆಗೇ ಹೋಗಲಿಲ್ಲ.

ಆ 9 ಪರ್ಸೆಂಟ್ ಫ್ಲಾಟ್ ಬಡ್ಡಿ. ಅಂದರೆ ನಾಲ್ಕು ವರ್ಷವೂ ಪೂರ್ತಿ 3,60,000ಕ್ಕೇ ಬಡ್ಡಿ ಹಾಕುತ್ತಾರೆ, ನೀವು ಅಸಲು ಎಷ್ಟೇ ತೀರಿಸುತ್ತಾ ಬಂದರೂ. ಬ್ಯಾಂಕಿನ ಲೆಕ್ಕದಲ್ಲಿ, ಉಳಿದ ಅಸಲಿಗೆ ಮಾತ್ರ ಬಡ್ಡಿ ಅಂತ ನೋಡಿದರೆ ಇದು ಹೆಚ್ಚುಕಡಿಮೆ 16 ಪರ್ಸೆಂಟ್. 16 ಕಂತು ಸರಿಯಾಗಿ ಕಟ್ಟಿದೆ, ಒಟ್ಟು 1,63,200. ಅಸಲು ಇಳಿದದ್ದು ಸುಮಾರು 96,000. ಬಿ.ಕಾಂ. ಓದಿದವನು ನಾನು, ಹೇಳಿಕೊಳ್ಳಲು ನಾಚಿಕೆ.

ಮೇ ಕೊನೆಗೆ ಕೆಲಸ ಹೋಯಿತು. ಮಳೆಗಾಲಕ್ಕೆ ಬುಕಿಂಗ್ ಇಲ್ಲ, ನಾಲ್ಕು ಜನ ಮನೆಗೆ. ಟ್ಯಾಕ್ಸಿ ಓಡಿಸು ಅಂತ ಎಲ್ಲರೂ ಹೇಳಿದರು. ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆ ಹೊಡೆದು ಸಿಕ್ಕಿಬಿದ್ದರೆ ದಂಡ ಕಟ್ಟುವುದು ಯಾರು?

ಜೂನ್ 5ರ ಕಂತು ಬೌನ್ಸ್. ಕಂಪನಿಯ ಚಾರ್ಜ್ 590, ಬ್ಯಾಂಕಿನದ್ದು ಇನ್ನೊಂದು 590. ನಾಲ್ಕು ದಿನ ಬಿಟ್ಟು ಮತ್ತೆ ಹಾಕಿದರು, ಮತ್ತೆ ಅಷ್ಟೇ ಹೋಯಿತು. ಇಲ್ಲದ ದುಡ್ಡಿಗೆ ಎರಡೆರಡು ಸಲ ದಂಡ. ಜುಲೈನದ್ದೂ ಹೋದ ಮೇಲೆ "ಸರ್" ಎನ್ನುತ್ತಿದ್ದ ಫೋನು "ಏನಯ್ಯಾ" ಅನ್ನತೊಡಗಿತು. ಬೆಳಿಗ್ಗೆ 7:20ಕ್ಕೆ ಕಾಲ್. ರೆಫರೆನ್ಸ್ ಅಂತ ಬರೆದಿದ್ದ ಚಿಕ್ಕಪ್ಪನಿಗೂ ಕಾಲ್. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಗೆ ಫೋನ್ ಮಾಡಬಾರದು ಅಂತ 2022ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ. ನನಗೆ ಇದು ಗೊತ್ತಾಗಿದ್ದು ಆಮೇಲೆ. ಆಗ ಮಾಡಿದ್ದು ಫೋನ್ ಸ್ವಿಚ್ ಆಫ್ ಅಷ್ಟೇ.

ಆಗಸ್ಟ್ 3ಕ್ಕೆ ವಸೂಲಿಯವನು ಮನೆಗೇ ಬಂದ. ಅವತ್ತು ಕಕ್ಕಡ 18, ನಮ್ಮ ಕೊಡಗಿನಲ್ಲಿ ಮದ್ದುಸೊಪ್ಪು ಅನ್ನುವ ಔಷಧಿ ಸೊಪ್ಪು ತಿನ್ನುವ ದಿನ, ಅಮ್ಮ ಅದರ ಪಾಯಸ ಮಾಡಿದ್ದರು. ಸುರಿಯುವ ಮಳೆ, ಅವನು ತೊಯ್ದು ತೊಪ್ಪೆ. ಯಾರು ಏನು ಅಂತ ಕೇಳದೆ ಅಮ್ಮ ಒಂದು ಬಟ್ಟಲು ಕೊಟ್ಟರು. ಅವನು ಮೈಸೂರು ಕಡೆಯವನು, ಆ ನೇರಳೆ ಬಣ್ಣ ನೋಡಿ ಒಂದು ಕ್ಷಣ ಹೆದರಿದ. ತಿಂದ. "ಬ್ರಾಂಚಿಗೆ ಬಂದು ಮಾತಾಡಿ ಅಣ್ಣ, ಫೋನ್ ಆಫ್ ಮಾಡಬೇಡಿ" ಅಂತ ಹೇಳಿ ಹೋದ. ಆ ಸೊಪ್ಪಿಗೆ ನಾಳೆ ಮೂತ್ರ ಕೆಂಪಾದರೆ ಗಾಬರಿ ಆಗಬೇಡ ಅಂತ ಹೇಳಲು ಮರೆತೆ.

ಎರಡು ಸ್ಟಾರಲ್ಲಿ ಒಂದು ಅವನಿಗೆ. ಇನ್ನೊಂದು ಬ್ರಾಂಚಿನ ಕೌಂಟರಿನಲ್ಲಿದ್ದ ಮೇಡಂಗೆ. ಕೇಳಿದ ಕೂಡಲೇ ಲೋನಿನ ಪೂರ್ತಿ ಸ್ಟೇಟ್‌ಮೆಂಟ್ ತೆಗೆದು ಕೊಟ್ಟರು. ಎರಡನೇ ಸಲದ ಬೌನ್ಸ್ ಚಾರ್ಜ್ ಬಿಡಿ ಅಂತ ಅರ್ಜಿ ಬರೆಸಿದರು, ಕಂಪನಿ ತನ್ನ 590 ಬಿಟ್ಟಿತು. ಬ್ಯಾಂಕಿನವರು ಬಿಡಲಿಲ್ಲ. ಮೂರನೆಯದ್ದೂ ತಪ್ಪಿ 90 ದಿನ ದಾಟಿದರೆ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲ ಅಂತ ಆಗುತ್ತದೆ, ಅದಕ್ಕೆ ಮೊದಲು ಒಂದು ಕಂತಾದರೂ ಕಟ್ಟಿ ಅಂದರು. ಇದನ್ನು ಜೂನ್‌ನಲ್ಲೇ ಯಾರಾದರೂ ಹೇಳಬಹುದಿತ್ತು ಅಲ್ವಾ? ಅಮ್ಮನ ಚೀಟಿ ದುಡ್ಡಲ್ಲಿ ಒಂದು ಕಟ್ಟಿದೆ.

ಕಾರು ಈಗ ಕಣದ ಪಕ್ಕ ಟಾರ್ಪಾಲಿನ ಅಡಿ ನಿಂತಿದೆ, ಸೀಟಿಗೆ ಬೂಷ್ಟು. ಬ್ರೋಕರ್ 2,40,000 ಅಂತಾನೆ, ಲೋನ್ ಮುಗಿಸಲು ಅದು ಸಾಲದು. ಮುಗಿಸದೆ ಎನ್‌ಒಸಿ (ಬಾಕಿ ಇಲ್ಲ ಅನ್ನುವ ಕಂಪನಿಯ ಪತ್ರ) ಇಲ್ಲ, ಆರ್‌ಸಿಯಿಂದ ಕಂಪನಿಯ ಹೆಸರು ತೆಗೆಯದೆ ಮಾರುವ ಹಾಗಿಲ್ಲ.

7:20ರ ಕಾಲ್‌ಗಳ ಸ್ಕ್ರೀನ್‌ಶಾಟ್ ಹಾಕಿ ಕಂಪನಿಗೆ ದೂರು ಕೊಟ್ಟು ಇವತ್ತಿಗೆ 11 ದಿನ. 30 ದಿನದಲ್ಲಿ ಉತ್ತರ ಬರದಿದ್ದರೆ ಇಂಥ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹಾಕುತ್ತೇನೆ. ಆಗ ಈ ರಿವ್ಯೂ ತಿದ್ದುತ್ತೇನೆ. ಪಾಯಸ ತಿಂದವನ ಸ್ಟಾರ್ ಮಾತ್ರ ತೆಗೆಯುವುದಿಲ್ಲ.