ಡೂಮ್: ವೇಗ ಇನ್ನೂ ಮಾಸಿಲ್ಲ

1993ರ ಡಿಸೆಂಬರ್‌ನಲ್ಲಿ ಇಡ್ ಸಾಫ್ಟ್‌ವೇರ್ ಕಂಪನಿ ಬಿಡುಗಡೆ ಮಾಡಿದ 'ಡೂಮ್' ಎಂಬ ಕಂಪ್ಯೂಟರ್ ಆಟವನ್ನು ಇಂದು ಆಡಿದರೂ ಮೊದಲು ಸೆಳೆಯುವುದು ಅದರ ವೇಗ. ಮಂಗಳ ಗ್ರಹದ ಉಪಗ್ರಹಗಳಲ್ಲಿರುವ ನೆಲೆಗಳಿಗೆ ನರಕದ ಪಿಶಾಚಿಗಳು ನುಗ್ಗಿವೆ ಎಂಬಷ್ಟೇ ಕಥೆ. ಅದನ್ನು ಗಂಭೀರವಾಗಿ ಪರಿಗಣಿಸಬೇಕಾಗಿಲ್ಲ. ಆದರೆ ಓಡುತ್ತಲೇ ಪಕ್ಕಕ್ಕೆ ಸರಿದು ಬೆಂಕಿಯುಂಡೆಯಿಂದ ತಪ್ಪಿಸಿಕೊಳ್ಳುವುದು, ಯಾವ ಶತ್ರುವಿಗೆ ಯಾವ ಬಂದೂಕು ಎಂದು ಕ್ಷಣಾರ್ಧದಲ್ಲಿ ನಿರ್ಧರಿಸುವುದು, ಇವೆರಡೂ ಇಲ್ಲಿ ಬೆಸೆದುಕೊಂಡಿರುವ ರೀತಿ ಅನಂತರದ ಎಷ್ಟೋ ದುಬಾರಿ ಶೂಟರ್ ಆಟಗಳಿಗೆ ದಕ್ಕಿಲ್ಲ.

ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ರೂಪಿಸಿದ ಎಂಜಿನ್ (ಆಟವನ್ನು ನಡೆಸುವ ಮೂಲ ತಂತ್ರಾಂಶ), ಪ್ರತಿ ಹಂತದ ನಕ್ಷೆಯನ್ನು ಮೊದಲೇ ಚಿಕ್ಕ ಭಾಗಗಳಾಗಿ ವಿಭಜಿಸಿಟ್ಟುಕೊಂಡು, ಆಟಗಾರನ ಕಣ್ಣಿಗೆ ಬೀಳುವ ಗೋಡೆಗಳನ್ನು ತ್ವರಿತವಾಗಿ ಚಿತ್ರಿಸುತ್ತಿದ್ದುದರಿಂದ, ಏರುತಗ್ಗಿನ ನೆಲವೂ ಮಿನುಗುವ ಬೆಳಕೂ ಅಂದಿನ ಪಿಸಿಗಳಲ್ಲಿ ಸಾಧ್ಯವಾದವು. ಕೋಣೆಯ ಮೇಲೊಂದು ಕೋಣೆಯನ್ನು ಇಡಲು ಬಾರದು, ತಲೆಯೆತ್ತಿ ನೋಡಲೂ ಆಗದು. ಆಟದ ಭರದಲ್ಲಿ ಈ ಕೊರತೆಗಳು ಅರಿವಿಗೆ ಬರುವುದೇ ಅಪರೂಪ.

ಉದ್ಯಮವನ್ನು ಬದಲಿಸಿದ್ದು ಮಾತ್ರ ಚಿತ್ರಣವೊಂದೇ ಅಲ್ಲ. ಮೊದಲ ಭಾಗವನ್ನು ಶೇರ್‌ವೇರ್ ರೂಪದಲ್ಲಿ, ಅಂದರೆ ಉಳಿದ ಭಾಗಗಳಿಗಷ್ಟೇ ಹಣ ಕೇಳುವ ಕ್ರಮದಲ್ಲಿ, ಉಚಿತವಾಗಿ ಹಂಚಲಾಯಿತು. ನಕ್ಷೆ, ಚಿತ್ರ, ಸದ್ದುಗಳನ್ನು ಎಂಜಿನ್‌ನಿಂದ ಬೇರ್ಪಡಿಸಿ 'ವ್ಯಾಡ್' ಕಡತಗಳಲ್ಲಿ ಇರಿಸಿದ್ದರಿಂದ ಆಟಗಾರರೇ ಹೊಸ ಹಂತಗಳನ್ನು ಕಟ್ಟತೊಡಗಿದರು. 1997ರಲ್ಲಿ ಎಂಜಿನ್‌ನ ಮೂಲ ಸಂಕೇತವೂ (ಸೋರ್ಸ್ ಕೋಡ್) ಬಹಿರಂಗವಾದ ಮೇಲೆ ಆ ಚಟುವಟಿಕೆ ನಿಂತೇ ಇಲ್ಲ. ನೆಟ್‌ವರ್ಕ್‌ನಲ್ಲಿ ನಾಲ್ವರವರೆಗೆ ಪರಸ್ಪರ ಕಾದಾಡುವ ಆಟಕ್ಕೆ 'ಡೆತ್‌ಮ್ಯಾಚ್' ಎಂಬ ಹೆಸರು ಜನಪ್ರಿಯವಾದದ್ದೂ ಡೂಮ್‌ನಿಂದಲೇ.

ಹಂತಗಳ ಗುಣಮಟ್ಟ ಏಕರೂಪವಾಗಿಲ್ಲ. ಬಹುಪಾಲು ಜಾನ್ ರೊಮೆರೊ ವಿನ್ಯಾಸಗೊಳಿಸಿದ ಮೊದಲ ಭಾಗ ಅಚ್ಚುಕಟ್ಟಾಗಿದೆ. ಮುಂದಿನ ಭಾಗಗಳಲ್ಲಿ ಬಣ್ಣದ ಕೀಲಿಗಳನ್ನು ಹುಡುಕುತ್ತ ಖಾಲಿ ಹಜಾರಗಳಲ್ಲಿ ಅಲೆಯುವುದು ಬೇಸರ ತರಿಸುತ್ತದೆ.