ಅಲ್ಯೂಮಿನಿಯಂ ಚೈನ್‌ಮೇಲ್ ಹಾಳೆ: ಹಾಳೆ ಕೊಳ್ಳಿ, ಹೊಲಿದು ಕೊಡುವ ಕೊರಳಪಟ್ಟಿ ಬೇಡ

ಧಾರವಾಡದಲ್ಲಿ ನಮ್ಮದೊಂದು ಹವ್ಯಾಸಿ ನಾಟಕ ತಂಡ ಇದೆ. ಅದಕ್ಕೆ ಬಟ್ಟೆ ಹೊಲಿಯುವವಳು ನಾನು. ಮನೆಯಲ್ಲಿ ಬ್ಲೌಸ್, ಚೂಡಿದಾರ್ ಹೊಲಿದು ಪಳಗಿದ ಕೈ. ಈ ಸಲ ಮಹಮೂದ್ ಗವಾನನ ಮೇಲೆ ನಾಟಕ ಮಾಡಿದೆವು. ಬೀದರಿನಲ್ಲಿ 1472ರಲ್ಲಿ ಮದರಸಾ ಕಟ್ಟಿಸಿದ ಬಹಮನಿ ವಜೀರ ಅವನು. ಯಾರೋ ಸೃಷ್ಟಿಸಿದ ಸುಳ್ಳು ಪತ್ರವನ್ನು ಸುಲ್ತಾನ ನಂಬಿಬಿಟ್ಟ. 1481ರಲ್ಲಿ ಗವಾನನ ತಲೆ ಹೋಯಿತು. ಆ ಕೊನೆಯ ದೃಶ್ಯದಲ್ಲಿ ನಾಲ್ವರು ಸೈನಿಕರು ಮಾತಿಲ್ಲದೆ ಅವನ ಹಿಂದೆ ನಿಂತೇ ಇರುತ್ತಾರೆ. ನೋಡುವವರ ಕಣ್ಣು ಅವರ ಮೈಮೇಲೆ ಬಿದ್ದೇ ಬೀಳುತ್ತದೆ. ಅದಕ್ಕೇ ನನಗೆ ಚೈನ್‌ಮೇಲ್ ಬೇಕಾಯಿತು. ಸಣ್ಣ ಲೋಹದ ಉಂಗುರಗಳನ್ನು ಒಂದರೊಳಗೊಂದು ಹೆಣೆದ ಕವಚ, ಗೊತ್ತಲ್ವಾ?

ಹಿಂದಿನ ನಾಟಕಗಳಿಗೆ ದಪ್ಪ ಹುರಿಯನ್ನು ಸೂಜಿಯಲ್ಲಿ ಹೆಣೆದು ಬೆಳ್ಳಿ ಬಣ್ಣ ಬಳಿಯುತ್ತಿದ್ದೆ. ದೊಡ್ಡ ರಂಗಮಂದಿರಕ್ಕೆ ಅದು ಚೆನ್ನಾಗಿಯೇ ಕಾಣುತ್ತದೆ. ಈ ನಾಟಕ ಆಡಿದ್ದು ಸಣ್ಣ ಸಭಾಂಗಣದಲ್ಲಿ. ಮುಂದಿನ ಸಾಲಿನವರಿಗೂ ಸೈನಿಕರಿಗೂ ನಡುವೆ ಮೂರು ಹೆಜ್ಜೆ ಜಾಗ. ಹುರಿ ಹುರಿಯಂತೆಯೇ ಕಾಣುತ್ತಿತ್ತು.

ಆನ್‌ಲೈನ್‌ನಲ್ಲಿ ಅಲ್ಯೂಮಿನಿಯಂ ಹಾಳೆಗಳನ್ನು ತರಿಸಿದೆ. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದಕ್ಕೆ 650 ರೂಪಾಯಿ. ಅಂಥವು 12. ಜೊತೆಗೆ ಬಟ್ಟೆಗೆ ಮೊದಲೇ ಹೊಲಿದು ಕೊಡುವ ಕೊರಳಪಟ್ಟಿ ನಾಲ್ಕು. ಮಾರಿದವರ ಹೆಸರು ಹೇಳುವುದಿಲ್ಲ. ಹಾಳೆ ಬೇರೆ ಕಡೆಯೂ ಸಿಗುತ್ತದೆ, ನೋಡಬೇಕಾದ್ದು ಏನು ಅನ್ನುವುದನ್ನು ಹೇಳುತ್ತೇನೆ.

ಮೊದಲು ಹಾಳೆ. ಬಹಳ ಇಷ್ಟವಾಯಿತು. ಉಂಗುರದ ಒಳಗಿನ ಅಗಲ 9 ಮಿಲಿಮೀಟರ್, ತಂತಿಯ ದಪ್ಪ 1.6. ಒಂದೊಂದು ಉಂಗುರವೂ ಅಕ್ಕಪಕ್ಕದ ನಾಲ್ಕು ಉಂಗುರಗಳನ್ನು ಹಾದು ಹೋಗುತ್ತದೆ. ಯುರೋಪಿನ ಹಳೆಯ ಕವಚಗಳಲ್ಲೂ ನಮ್ಮ ಕಡೆಯವುಗಳಲ್ಲೂ ಹೆಚ್ಚಾಗಿ ಕಾಣುವ ಹೆಣಿಗೆ ಇದೇ. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಒಂದು ಹಾಳೆ ಸುಮಾರು 200 ಗ್ರಾಂ ತೂಗಿತು. ಇದೇ ಹಾಳೆ ಉಕ್ಕಿನದಾದರೆ ಮೂರು ಪಟ್ಟು ತೂಕ ಬರುತ್ತದೆ. ಒಂದೂವರೆ ತಾಸು ರಂಗದ ಮೇಲೆ ನಿಲ್ಲುವ ಹುಡುಗರಿಗೆ ಅಲ್ಯೂಮಿನಿಯಮ್ಮೇ ಸರಿ.

ಹಾಳೆ ಕೈಗೆ ಬಂದ ತಕ್ಷಣ ಒಂದು ಕೆಲಸ ಮಾಡಿ. ಹಳೆಯ ನೈಲಾನ್ ಸಾಕ್ಸ್ ಒಂದನ್ನು ಅದರ ಮೇಲೆ ನಿಧಾನವಾಗಿ ಎಳೆಯಿರಿ. ಯುದ್ಧಕ್ಕೆ ಮಾಡಿದ ಕವಚಗಳಲ್ಲಿ ಉಂಗುರದ ಬಾಯಿಗೆ ರಿವೆಟ್ ಹೊಡೆದಿರುತ್ತಿದ್ದುದು ಸಾಮಾನ್ಯ. ಇಂಥ ಹಾಳೆಗಳಲ್ಲಿ ಎರಡು ತುದಿಗಳನ್ನು ಸುಮ್ನೆ ತಾಗಿಸಿರುತ್ತಾರೆ. ತುದಿ ಸರಿಯಾಗಿ ಕೂಡಿಲ್ಲದಿದ್ದರೆ ಸಾಕ್ಸ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ನನ್ನ 12 ಹಾಳೆಗಳಲ್ಲಿ ಒಟ್ಟು 40 ಉಂಗುರ ಸಿಕ್ಕವು. ಎರಡು ಇಕ್ಕಳ ಹಿಡಿದು ಬಾಯಿಯನ್ನು ಹಿಂದೆ ಮುಂದೆ ತಿರುಚಿ ಕೂಡಿಸಬೇಕು. ಅಗಲಕ್ಕೆ ಎಳೆದರೆ ಉಂಗುರದ ದುಂಡು ಕೆಡುತ್ತದೆ. ಮಾರಿದವರು ಒಂದು ಪೊಟ್ಟಣದಲ್ಲಿ ಬಿಡಿ ಉಂಗುರ ಇಟ್ಟಿದ್ದರು. ಬಹಳ ಉಪಯೋಗಕ್ಕೆ ಬಂದವು.

ಇನ್ನು ಕೊರಳಪಟ್ಟಿ. ನೋಡಲು ಚಂದ. ಕಪ್ಪು ಬಟ್ಟೆ, ಅಂಚಿಗೆ ಉಂಗುರದ ಸಾಲು, ಹಿಂದೆ ಲಾಡಿ. ವೇಷ ಹಾಕಿ ಮಾಡುವ ತಾಲೀಮಿನ ದಿನ ಮೊದಲ ಅಂಕ ಮುಗಿಯುವ ಮುಂಚೆಯೇ ಒಬ್ಬ ಹುಡುಗ ಒಳಗೆ ಓಡಿ ಬಂದ. "ಅಕ್ಕಾರ, ಕೊರಳಿಂದು ಬಿಚ್ಚೇತ್ರಿ!" ನೋಡಿದರೆ ಅರ್ಧ ಸಾಲು ಬಟ್ಟೆ ಬಿಟ್ಟು ಎದೆಯ ಮೇಲೆ ಜೋತಾಡುತ್ತಿತ್ತು. ಬಿಚ್ಚಿ ಪರೀಕ್ಷಿಸಿದೆ. ಬ್ಲೌಸಿಗೆ ಹಾಕುವ ಸಾದಾ ಹತ್ತಿ ದಾರ, ಒಂದೇ ಎಳೆ. ಕೊರಳ ಈ ತುದಿಯಿಂದ ಆ ತುದಿಯವರೆಗೆ ಎಲ್ಲೂ ಗಂಟಿಲ್ಲ. ಒಂದು ಕಡೆ ಉಂಗುರದ ಚೂಪಿಗೆ ದಾರ ಕಡಿಯಿತು, ಉಳಿದದ್ದು ಸರಸರ ಬಿಚ್ಚಿಕೊಂಡಿತು. ನಾಲ್ಕೂ ಪಟ್ಟಿ ಇದೇ ರೀತಿ ಇದ್ದವು. 900 ರೂಪಾಯಿಯ ವಸ್ತುವನ್ನು ಹೀಗೆ ಹೊಲಿದು ಕೊಡುವುದು ತಪ್ಪು. ಬರೆದು ತಿಳಿಸಿದೆ. ಹಣ ವಾಪಸ್ ಬರಲಿಲ್ಲ. ಮುಂದಿನ ಖರೀದಿಗೆ ರಿಯಾಯಿತಿ ಕೊಡುತ್ತೇವೆ ಎಂದರು. ನನಗೆ ಅದು ಸಾಲದು.

ಅವತ್ತು ರಾತ್ರಿಯೇ ನಾಲ್ಕೂ ಪಟ್ಟಿ ಬಿಚ್ಚಿ ನನ್ನ ರೀತಿಯಲ್ಲಿ ಹೊಲಿಯಲು ಕೂತೆ. ಹಾಳೆ ಕೊಳ್ಳುವವರಿಗೆ ಹೊಲಿಗೆಯೂ ಗೊತ್ತಿರಬೇಕು. ಇಲ್ಲದಿದ್ದರೆ ದುಡ್ಡು ದಂಡ.

ಹಾಳೆಯನ್ನು ಎರಡೂ ಕಡೆಗೆ ಎಳೆದು ನೋಡಿ. ಒಂದು ಕಡೆಗೆ ಚೆನ್ನಾಗಿ ಹಿಗ್ಗುತ್ತದೆ, ಇನ್ನೊಂದು ಕಡೆಗೆ ಅಷ್ಟು ಹಿಗ್ಗುವುದಿಲ್ಲ. ಹಿಗ್ಗುವ ದಿಕ್ಕು ಮೈ ಸುತ್ತ ಬರಬೇಕು. ಅದನ್ನು ಮೇಲಿನಿಂದ ಕೆಳಕ್ಕೆ ಇಟ್ಟರೆ ತನ್ನ ಭಾರಕ್ಕೆ ತಾನೇ ಉದ್ದವಾಗಿ ಇಳಿಬೀಳುತ್ತದೆ, ಉರೇಬು, ಅಂದರೆ ಓರೆಯಾಗಿ ಕತ್ತರಿಸಿದ ಬಟ್ಟೆ ಜೋತು ಬೀಳುತ್ತದಲ್ಲ, ಹಾಗೆ. ಮೊದಲ ತೋಳಿಗೆ ನಾನು ಇದನ್ನು ಗಮನಿಸಲಿಲ್ಲ. ಮೊಣಕೈವರೆಗೆ ಇರಬೇಕಾದದ್ದು ಮಣಿಕಟ್ಟಿಗೆ ಬಂತು.

ದಾರಕ್ಕೆ ಸುಭಾಸ ರಸ್ತೆಯ ಕಡೆ ಹೋಗಿ ಚಪ್ಪಲಿ ಹೊಲಿಯುವ ಮೇಣದ ನೈಲಾನ್ ದಾರ ತಂದೆ. ಸೂಜಿಯ ಬದಲು ಸಣ್ಣ ದಬ್ಬಣ. ಅಂಚಿನ ಒಂದೊಂದು ಉಂಗುರಕ್ಕೂ ಎರಡೆರಡು ಸುತ್ತು ಹಾಕಿದೆ, ಐದು ಉಂಗುರಕ್ಕೊಮ್ಮೆ ಗಂಟು. ಒಂದು ಕಡೆ ಕಡಿದರೂ ಐದೇ ಉಂಗುರ ಬಿಡುತ್ತವೆ. ಮೇಲಿನ ಅಂಚನ್ನು ಮಾತ್ರ ಹೀಗೆ ಹೊಲಿಯಬೇಕು. ನಾಲ್ಕೂ ಬದಿ ಬಿಗಿದರೆ ಹಾಳೆ ಬಟ್ಟೆಯ ಮೇಲೆ ಅಂಟಿಸಿದಂತೆ ಸೆಟೆದುಕೊಳ್ಳುತ್ತದೆ. ಕೈ ಎತ್ತಿದಾಗ ಬಟ್ಟೆಯನ್ನೇ ಹರಿಯುತ್ತದೆ. ಚೈನ್‌ಮೇಲಿನ ಚಂದ ಇರುವುದೇ ಅದು ನೀರಿನಂತೆ ಜಾರುವುದರಲ್ಲಿ. ಬದಿಗಳನ್ನು ಒಂದು ಗೇಣಿಗೊಂದು ಸಡಿಲ ಟಾಕಿ ಹಾಕಿ ಬಿಟ್ಟೆ.

ಹಾಳೆಯನ್ನು ನೇರವಾಗಿ ಅಂಗಿಗೆ ಹೊಲಿಯಲೂ ಇಲ್ಲ. ಮಂಚಕ್ಕೆ ಹೆಣೆಯುವ ನವಾರದ ಪಟ್ಟಿಗೆ ಹೊಲಿದೆ. ಆ ಪಟ್ಟಿಯನ್ನು ಅಂಗಿಗೆ ಹುಕ್ಕಿನಿಂದ ಸಿಕ್ಕಿಸಿದೆ. ಅಂಗಿ ಒಗೆಯಬೇಕಲ್ವಾ? ಅಲ್ಯೂಮಿನಿಯಂ ಉಜ್ಜಿದಲ್ಲೆಲ್ಲ ಬೂದು ಮಸಿ ಬಿಡುತ್ತದೆ. ಮೊದಲೇ ಬಿಸಿನೀರು, ಪಾತ್ರೆ ತೊಳೆಯುವ ಸೋಪು ಹಾಕಿ ಹಾಳೆಗಳನ್ನು ಎರಡು ಸಲ ಕುಲುಕಿ ತೊಳೆದಿದ್ದೆ. ಮಸಿ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಬಿಳಿ ಬಟ್ಟೆಯ ಮೇಲೆ ಹಾಕಬೇಡಿ.

ಒಳಗಿನ ಅಂಗಿಯ ಬಗ್ಗೆ ಹೇಳಲೇಬೇಕು. ತೆಳು ಬಟ್ಟೆ ಈ ಭಾರಕ್ಕೆ ಜಗ್ಗುತ್ತದೆ. ಹಳೆಯ ಕಾಲದಲ್ಲೂ ಚೈನ್‌ಮೇಲಿನ ಒಳಗೆ ಹತ್ತಿ ತುಂಬಿದ ಅಥವಾ ಪದರ ಪದರದ ದಪ್ಪ ಅಂಗಿ ಇರುತ್ತಿತ್ತು. 15ನೇ ಶತಮಾನದ ಯುರೋಪಿನಲ್ಲಿ ತಗಡಿನ ಕವಚ ಬಂದ ಮೇಲೆ ಕಂಕುಳು, ಮೊಣಕೈ ಮಡಚುವ ಜಾಗಗಳಿಗೆ ಮಾತ್ರ ಚೈನ್‌ಮೇಲಿನ ತುಂಡುಗಳನ್ನು ಒಳ ಅಂಗಿಗೇ ಹೊಲಿದುಬಿಡುತ್ತಿದ್ದರು. ತಗಡು ಮುಚ್ಚದ ಜಾಗವನ್ನು ಉಂಗುರ ಮುಚ್ಚುತ್ತಿತ್ತು. ಇದನ್ನು ಓದಿದಾಗ ನನಗೆ ದೊಡ್ಡ ದಾರಿ ಸಿಕ್ಕಿತು. ಇಡೀ ಅಂಗಿಗೆ 14 ಹಾಳೆಯಾದರೂ ಬೇಕು. ನಾನು ಕೊರಳು, ಮೊಣಕೈವರೆಗಿನ ತೋಳು, ಅಂಗಿಯ ಕೆಳ ಅಂಚಿಗೆ ಮಾತ್ರ ಹಾಕಿದೆ. ಎದೆಯ ಮೇಲೆ ಹೇಗೂ ಮೇಲಂಗಿ ಬರುತ್ತದೆ. ಒಬ್ಬನಿಗೆ ಮೂರೇ ಹಾಳೆ ಸಾಕಾಯಿತು.

ಆ ದಪ್ಪ ಅಂಗಿಗೆ ನಾನು ಹಿಡಿದದ್ದು ನಮ್ಮ ಕೌದಿಯನ್ನು. ಎರಡು ಪದರ ಕೋರಾ ಬಟ್ಟೆ, ನಡುವೆ ಹಳೆಯ ಸೀರೆ, ಮೇಲೆ ಒಂದು ಬೆರಳಿಗೊಂದು ಸಾಲಿನಂತೆ ಕೌದಿ ಹೊಲಿಗೆ. ಅವ್ವ ಹೊಲಿಯುತ್ತಿದ್ದ ಹಾಗೆಯೇ. ನವಾರದ ಪಟ್ಟಿಯನ್ನು ಭುಜದ ಮೇಲೆ ಈ ಸಾಲುಗಳಿಗೆ ಅಡ್ಡವಾಗಿ ಕೂಡಿಸಿದೆ. ಭಾರ ಭುಜದ ತುಂಬ ಹರಡಿತು. ನಾಟಕದ ಆರು ಪ್ರಯೋಗ ಆಗಿವೆ. ಒಂದು ಸಾಲೂ ಜಗ್ಗಿಲ್ಲ. ಅವ್ವ ಈಗ ಇಲ್ಲ. ಅವಳ ಸೀರೆಯೊಂದು ಒಬ್ಬ ಸೈನಿಕನ ಅಂಗಿಯ ಒಳಗಿದೆ.

ಹೊಳಪಿನ ವಿಷಯ. ಅಲ್ಯೂಮಿನಿಯಂ ಹೊಸ ಪಾತ್ರೆಯಂತೆ ಹೊಳೆಯುತ್ತದೆ, ರಂಗದ ದೀಪಕ್ಕೆ ಜಾಸ್ತಿಯೇ ಆಯಿತು. ಕಪ್ಪು ಅಕ್ರಿಲಿಕ್ ಬಣ್ಣವನ್ನು ನೀರು ಮಾಡಿ ಸವರಿ, ಒಣಗುವ ಮುಂಚೆ ಒರೆಸಿದೆ. ಉಂಗುರಗಳ ಸಂದಿಯಲ್ಲಿ ಕಪ್ಪು ಉಳಿದು ಹಳೆಯ ಕಬ್ಬಿಣದ ಬಣ್ಣ ಬಂತು. ಎರಡು ಮೂರು ಪ್ರಯೋಗಕ್ಕೊಮ್ಮೆ ಮತ್ತೆ ಸವರಬೇಕು. ದಳಪತಿಯ ಅಂಗಿಯ ಅಂಚಿಗೆ ಮಾತ್ರ ಒಂದು ಸಾಲು ಹಿತ್ತಾಳೆ ಉಂಗುರ ಸೇರಿಸಿದೆ. ಕಬ್ಬಿಣ, ಹಿತ್ತಾಳೆ ಉಂಗುರ ಬೆರೆಸಿ ಚಿತ್ತಾರ ಹೆಣೆಯುವುದು ನಮ್ಮ ದೇಶದ ಕವಚಗಳಲ್ಲಿ ಇತ್ತು, ಗಂಗಾ-ಜಮುನಾ ಅನ್ನುತ್ತಾರೆ. ದೀಪ ಬಿದ್ದಾಗ ಆ ಒಂದು ಸಾಲು ಬೇರೆಯೇ ಕಾಣುತ್ತದೆ.

ಸದ್ದಿನ ಬಗ್ಗೆ ನಾನು ಯೋಚಿಸಿರಲಿಲ್ಲ. ಕೊನೆಯ ದೃಶ್ಯದಲ್ಲಿ ನಾಲ್ವರೂ ಒಟ್ಟಿಗೆ ಒಂದು ಹೆಜ್ಜೆ ಮುಂದಿಡುತ್ತಾರೆ. ಅಷ್ಟೂ ಉಂಗುರಗಳು ಒಮ್ಮೆಗೇ ಸಣ್ಣಗೆ ಝಲ್ ಎನ್ನುತ್ತವೆ. ಬಣ್ಣ ಬಳಿದ ಹುರಿಯಿಂದ ಅದು ಬರುತ್ತಿರಲಿಲ್ಲ. ನಿರ್ದೇಶಕರು ಆ ಜಾಗದಲ್ಲಿದ್ದ ತಬಲಾ ತೆಗೆಸಿಬಿಟ್ಟರು.

ಒಂದು ತೋಳು ಹೊಲಿಯಲು ಒಂದೂವರೆ ಗಂಟೆ ಹಿಡಿಯಿತು, ಕೊರಳಿಗೆ ಎರಡು. ಬೆರಳಿಗೆ ಚರ್ಮದ ತುಂಡು ಕಟ್ಟಿಕೊಳ್ಳಿ, ಮೇಣದ ದಾರ ಕೊಯ್ಯುತ್ತದೆ. ಬೀದರಿನಲ್ಲೂ ನಾಟಕ ಆಡಲು ಕರೆದಿದ್ದಾರೆ, ಇನ್ನಿಬ್ಬರು ಸೈನಿಕರನ್ನು ಸೇರಿಸುತ್ತಿದ್ದೇವೆ. ಅದೇ ಕಡೆಯಿಂದ ಮತ್ತೆ ಆರು ಹಾಳೆ, ಎರಡು ಪೊಟ್ಟಣ ಬಿಡಿ ಉಂಗುರ ತರಿಸಿದ್ದೇನೆ. ಕೊರಳಪಟ್ಟಿ ತರಿಸಿಲ್ಲ.